ಪಂಡಿತರ ಅರಳಿ

ಕಳೆದ ವಾರ ನೆಲ್ಯಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೆದ್ದಾರಿಯ ನಡುವೆ ಉದ್ದಕ್ಕೂ ಕಣಗಿಲೆ ನೆಟ್ಟಿದ್ದಾರೆ. ಲಾರಿಗಳ ಹೊಗೆ, ಧೂಳು ಎಲ್ಲವನ್ನೂ ತಡೆದುಕೊಂಡು ಗಿಡಗಳು ಗೊಂಚಲು ಗೊಂಚಲಾಗಿ ಹೂ ಬಿಟ್ಟಿದ್ದವು. ಗಾಳಿ ಇತ್ತ ಬೀಸಿದಾಗ ಅದರ ತೆಳುವಾದ ಸಿಹಿ ವಾಸನೆ ಮೂಗಿಗೆ ಬಂತು. ಬಂದದ್ದೇ ತಡ, ನಮ್ಮ ಶಾಲೆಯ ಕನ್ನಡ ಪಂಡಿತರು ನೆನಪಾಗಿ ಬಾಯಿ ಕಹಿಯಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಹಾಗೆ ಹೇಳುವವರಿಗೆ ಪಂಡಿತರ ಪರಿಚಯ ಇದ್ದಿರಲಿಕ್ಕಿಲ್ಲ.

ಆಗ ರಾಜ್ಯ ಒಂದಾದ ಹೊಸತು. ನಾನು ಕಡಬದ ಹತ್ತಿರದ ಒಂದು ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಕಲಿಸುತ್ತಿದ್ದೆ. ಪಂಡಿತರು ಘಟ್ಟದ ಮೇಲಿನಿಂದ ವರ್ಗವಾಗಿ ಬಂದರು. ಮಡಿಸಿದ ಶಾಲು, ನಶ್ಯದ ಡಬ್ಬಿ, ನಮಗೆಲ್ಲ ಕನ್ನಡ ಕಲಿಸಿ ಉದ್ಧಾರ ಮಾಡಲು ಬಂದವರ ಗತ್ತು. ಮಕ್ಕಳು ಗುಡ್ಡದ ಕೆಂಪು ಹೂವನ್ನು ಕೇಪಳ ಎಂದರೆ, "ಅದು ಕನ್ನಡವೇ ಅಲ್ಲ, ಕಾಡುಭಾಷೆ" ಎನ್ನುವರು. ನಾವು ಅಶ್ವತ್ಥ ಮರ ಎಂದರೂ ಬಿಡುತ್ತಿರಲಿಲ್ಲ. ಅದು ಸಂಸ್ಕೃತವಂತೆ, ಅಚ್ಚಗನ್ನಡದಲ್ಲಿ ಅರಳಿ ಮರ ಎನ್ನಬೇಕಂತೆ. ಮನೆಯಲ್ಲಿ ತುಳು ಆಡುವ ಮಕ್ಕಳು ಬೆಪ್ಪಾಗಿ ತಲೆಯಾಡಿಸುತ್ತಿದ್ದವು.

ಹೆಸರಿನ ಮೇಲೆ ಅಷ್ಟು ಪ್ರೀತಿ ಇದ್ದ ಮನುಷ್ಯನಿಗೆ ಗಿಡದ ಮೇಲೆ ಎಳ್ಳಷ್ಟೂ ಇರಲಿಲ್ಲ. ಒಂದು ದಿನ ತರಗತಿಯಲ್ಲಿ ಕಣಗಿಲೆಯ ಬಗ್ಗೆ ಹಳೆಯ ಪದ್ಯವೊಂದನ್ನು ರಾಗವಾಗಿ ಹಾಡಿ, ಅರ್ಥ ಹೇಳಿ, ಕಣ್ಣುಮುಚ್ಚಿ ತಲೆದೂಗಿದರು. ಸಂಜೆ ಶಾಲೆಯ ಬೇಲಿಯ ಹತ್ತಿರ ನಿಂತು ನನ್ನನ್ನು ಕೇಳಿದರು, "ಇದ್ಯಾವ ಗಿಡ ಮೇಷ್ಟ್ರೇ? ಹೂವು ಬಹಳ ಚೆನ್ನಾಗಿದೆ." ಅದು ಕಣಗಿಲೆಯೇ ಆಗಿತ್ತು. ಹೇಳಿದೆ. "ಓಹೋ" ಎಂದು ನಶ್ಯ ಏರಿಸಿ ನಡೆದರು, ನಾಚಿಕೆಯ ಸುಳಿವೂ ಇಲ್ಲ.

ಅದನ್ನು ಗುರುತಿಸಲು ದೊಡ್ಡ ವಿದ್ಯೆಯೇನೂ ಬೇಡ. ಗೆಣ್ಣು ಗೆಣ್ಣಿಗೆ ಮೂರು ಮೂರು ಎಲೆ, ಚೂರಿಯಂತೆ ನೀಳ, ನಡುವೆ ಎದ್ದು ಕಾಣುವ ಬಿಳಿ ನರ. ಹೂವು ದೇವರ ತಲೆಗೆ ಏರುತ್ತದೆ, ಆದರೆ ಬೇರಿನಿಂದ ತುದಿಯವರೆಗೆ ವಿಷ. ದನ ಬಾಯಿ ಹಾಕುವುದಿಲ್ಲವೆಂದೇ ಬೇಲಿಗೆ ನೆಡುತ್ತಾರೆ. ದನಕ್ಕೆ ಇದ್ದ ತಿಳುವಳಿಕೆ...

ಇಂಥವರಿಗೆ ವೈದ್ಯದ ಹುಚ್ಚು ಬೇರೆ. ಮನೆಮದ್ದಿನ ಪುಸ್ತಕವೊಂದನ್ನು ಬಾಯಿಪಾಠ ಮಾಡಿಕೊಂಡು, ಸಂಜೆ ಜಗಲಿಯಲ್ಲಿ ಕುಳಿತು ಬಂದವರಿಗೆಲ್ಲ ಧರ್ಮಕ್ಕೆ ಮದ್ದು ಹೇಳುತ್ತಿದ್ದರು. ಕೈಯಾರೆ ಒಂದು ಎಲೆ ಕಿತ್ತು ಕೊಟ್ಟವರಲ್ಲ. ಹೆಸರು ಹೇಳಿದರೆ ಅವರ ಕೆಲಸ ಮುಗಿಯಿತು.

ಶಾಲೆಯ ಆಚೆ ಗುಡ್ಡದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದ ಕ್ರೈಸ್ತ ದಂಪತಿ ಕಾಡು ಸವರಿ ಮರಗೆಣಸು ಬೆಳೆಯುತ್ತಿದ್ದರು. ಆಕೆಯನ್ನು ನಾವೆಲ್ಲ ಚೇಟತ್ತಿ ಎನ್ನುತ್ತಿದ್ದೆವು, ಅತ್ತಿಗೆ ಎಂದು ಕರೆದಂತೆ. ಊರಿನಿಂದ ಬರುವಾಗ ತಂದ ಒಂದು ಕಡ್ಡಿಯನ್ನು ಅಂಗಳದಲ್ಲಿ ಊರಿದ್ದಳು, ಅದು ಆಳೆತ್ತರ ಬೆಳೆದು ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಗಂಡನಿಗೆ ದಮ್ಮು. ರಾತ್ರಿ ಮಲಗಲಾರ, ಹಗಲು ಹಾರೆ ಎತ್ತಲಾರ. ಆತ ಹೋದರೆ ಆ ಕಾಡಿನಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಏನು ಮಾಡುವುದೆಂಬ ಹೆದರಿಕೆ ಆಕೆಗೆ. ಆ ಹೆದರಿಕೆಯೇ ಆಕೆಯನ್ನು ಪಂಡಿತರ ಜಗಲಿಗೆ ತಂದಿತು.

ಅಲ್ಲಿ ನಡೆದದ್ದನ್ನು ಮಾರನೆಯ ದಿನ ಬೆಳಿಗ್ಗೆ ಮಾಸ್ತರರ ಕೋಣೆಯಲ್ಲಿ ಸ್ವತಃ ಪಂಡಿತರೇ ತಮಾಷೆಯಾಗಿ ಹೇಳಿದರು.

"ಅರಳಿ ಎಲೆ ಕಷಾಯ ಮಾಡಿ ಗಂಡನಿಗೆ ಕುಡಿಸಮ್ಮಾ ಅಂದೆ. 'ಅರಳಿಯೋ ಸಾರೇ? ಅದು ವಿಷ ಅಲ್ಲವೋ?' ಅಂತಾಳೆ! ನಮ್ಮ ಕಡೆ ಹೆಂಗಸರು ಸುತ್ತು ಬಂದು ಕೈಮುಗಿಯೋ ಮರ ಕಣ್ರೀ. 'ನಮ್ಮ ಅಂಗಳದಲ್ಲೇ ಉಂಟು ಸಾರೇ, ವಿಷವೇ' ಅಂತ ಮತ್ತೆ ವಾದ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇಂಥವರಿಗೇ ನೋಡಿ. ಬೈದು ಕಳಿಸಿದೆ."

ಎಲ್ಲರೂ ನಕ್ಕರು. ನಾನು ಕೇರಳದ ಗಡಿಗೆ ತಾಗಿದ ಮಂಡೆಕೋಲಿನವನು. ಅಲ್ಲಿ ಹುಟ್ಟಿದವನು ಮಲಯಾಳ ಕಲಿಯಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

"ಪಂಡಿತರೇ, ಅವರ ಭಾಷೆಯಲ್ಲಿ ಅರಳಿ ಅಂದ್ರೆ ಕಣಗಿಲೆ ಮಾರಾಯ್ರೆ!"

"ಅದು ಹೇಗಾಗುತ್ತೆ? ಅರಳಿ ಅಂದರೆ ಅರಳಿಯೇ" ಎಂದರು ಆ ಮಹಾನುಭಾವರು.

ಗುಡ್ಡ ಹತ್ತಿ ಓಡಿದೆ. ಚೇಟತ್ತಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ವಾಂತಿ ಮಾಡಿ ಮಾಡಿ ಸೋತಿದ್ದಳು, ಕಣ್ಣು ಮಂಜಾಗಿತ್ತು. ಗಂಡ ಏದುಸಿರು ಬಿಡುತ್ತ ಅವಳ ಬೆನ್ನು ಉಜ್ಜುತ್ತಿದ್ದ. ಅವನು ಒಂದು ತೊಟ್ಟೂ ಕುಡಿದಿರಲಿಲ್ಲ.

"ಅವಳು ಮೊದಲು ಕುಡಿದಳು ಸಾರೇ. 'ಪಂಡಿತರು ಹೇಳಿದ್ದಲ್ಲವೋ, ಆದರೂ ನಾನು ಕುಡಿದು ನೋಡುತ್ತೇನೆ. ನನಗೆ ಎಂತ ಆಗದಿದ್ದರೆ ನಿಮಗೆ ಕೊಡುತ್ತೇನೆ' ಅಂದಳು."

ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ಇಳಿಸಿದೆವು. ಮರದ ಲಾರಿಯೊಂದು ಸಿಕ್ಕಿತು. ಪುತ್ತೂರಿನ ಆಸ್ಪತ್ರೆಗೆಂದು ಹೊರಟವರು ಉಪ್ಪಿನಂಗಡಿಯನ್ನೂ ದಾಟಲಿಲ್ಲ...

ಅಶ್ವತ್ಥದ ಎಲೆಗೆ ಬಾಲ ಉಂಟು. ಜಗಲಿಯ ಧೂಳಿನಲ್ಲಿ ಬೆರಳಿಂದ ಒಂದು ಎಲೆ ಗೀಚಿ ತೋರಿಸಿದ್ದರೆ ಮುಗಿಯುತ್ತಿತ್ತು. ಅಂಗಳದಲ್ಲಿ ಯಾರಾದರೂ ಅಶ್ವತ್ಥ ಬೆಳೆಸುತ್ತಾರೆಯೇ ಎಂಬ ಅನುಮಾನವಾದರೂ ಬರಬೇಕಿತ್ತು. ಆಕೆ ಒಂದಲ್ಲ, ಎರಡು ಸಲ ಹೇಳಿದ್ದಳು. ಆದರೆ ಪಂಡಿತರಿಗೆ ಬಾಯಿ ಮಾತ್ರ ಇತ್ತು.

ಮಣ್ಣು ಮಾಡಿ ಬಂದ ಮರುದಿನ ಅವರು ಎಂದಿನಂತೆ ಶಾಲು ಹೊದ್ದು ಶಾಲೆಗೆ ಬಂದರು. ಪಾಪ, ಏನೋ ಹೇಳಿಯಾರು ಎಂದುಕೊಂಡೆ. ನಶ್ಯದ ಕೈ ಒರೆಸಿಕೊಳ್ಳುತ್ತ ಹೇಳಿದರು.

"ಕಷಾಯ ಹೇಳಿದ್ದು ಗಂಡನಿಗೆ. ಅವಳ್ಯಾಕೆ ಕುಡಿಯಬೇಕಿತ್ತು?"

"ಅದು ವಿಷ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಕುಡಿದದ್ದು" ಎಂದೆ. ಹಿರಿಯರೊಡನೆ ಹೀಗೆ ಮಾತಾಡುವುದೇ ಎಂದು ಅವರು ಮುಖ್ಯೋಪಾಧ್ಯಾಯರಿಗೆ ದೂರು ಕೊಟ್ಟರು. ಆಮೇಲೆ ಅವರು ನಿವೃತ್ತರಾಗುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಬೀಳ್ಕೊಡುವಾಗ ಹಾರ ಹಾಕಿ, ನಡೆದಾಡುವ ನಿಘಂಟು ಎಂದು ಹೊಗಳಿದರು. ಸುಳ್ಳಲ್ಲ. ನಿಘಂಟಿಗೂ ಕಣ್ಣು, ಕಿವಿ, ಕರುಣೆ ಇರುವುದಿಲ್ಲ.

ಚೇಟತ್ತಿಯ ಗಂಡ ಆ ದಮ್ಮಿನಲ್ಲೇ ಇನ್ನೂ ಬಹಳ ವರ್ಷ ಬದುಕಿ, ಮಕ್ಕಳನ್ನು ದಡ ಸೇರಿಸಿದ. ಈಗ ಅವನೂ ಇಲ್ಲ.

ಬಸ್ಸು ಬಂತು, ಹತ್ತಿ ಕುಳಿತೆ. ಚೇಟತ್ತಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಬಿಳಿ ರವಕೆ, ಬಿಳಿ ಮುಂಡು, ತಲೆಯ ಮೇಲೆ ಮರಗೆಣಸಿನ ಬುಟ್ಟಿ... ಅಷ್ಟೇ, ಮುಖ ಬರಲಿಲ್ಲ. ಪಂಡಿತರ ಮುಖ ಮಾತ್ರ ಮೂಗಿನ ತುದಿಯ ನಶ್ಯದ ಸಮೇತ ಕಣ್ಣೆದುರು ನಿಂತಿತ್ತು. ಇಷ್ಟು ವರ್ಷ ಮನಸ್ಸಿನಲ್ಲೇ ಬೈದು ಬೈದು ಆ ಮುಖವನ್ನು ಉಳಿಸಿಕೊಂಡವನು ನಾನೇ. ಅವಳದ್ದು ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.