ಹುಲ್ಲಿನವ್ವ ಬಿಟ್ಟುಹೋದ ಟಗರು

ಹುಲ್ಲಿನವ್ವನ ನೆತ್ತಿಯ ಮೇಲೆ ಬೆಳ್ಳಿ ರೂಪಾಯಿಯಷ್ಟು ಅಗಲಕ್ಕೆ ಕೂದಲಿರಲಿಲ್ಲ. ನನ್ನ ಲಾಯಕ್ಕೆ ಹುಲ್ಲಿನ ಹೊರೆ ಹೊತ್ತು ಹೊತ್ತು ಸವೆದ ಜಾಗ ಅದು. ಸಿಂಬಿ ತೆಗೆದು ಸೆರಗಿನಿಂದ ಅಲ್ಲಿ ಬೆವರೊರೆಸಿಕೊಳ್ಳುತ್ತ, "ಈ ಕೂದಲು ನಿಮ್ಮ ಕುದ್ರೆ ತಿಂದಿದ್ದು ಸಾಮಿ" ಎಂದು ನನ್ನನ್ನು ಹಂಗಿಸುತ್ತಿದ್ದಳು. ಮೊಳಕಾಲ್ಮೂರಿನಾಚೆಯ ತೆಲುಗು ಸೀಮೆಯಿಂದ ಬಂದು ನಮ್ಮ ಊರಾದ ಬಿ.ಜಿ. ಕೆರೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಒಂಟಿ ಹೆಂಗಸು. ಊರ ಗೌಡನಾದ ನನಗೆ ಎದುರು ಮಾತಾಡುತ್ತಿದ್ದವಳು ಅವಳೊಬ್ಬಳೇ. ಆಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಕುದುರೆಯ ಹುಚ್ಚು ನನಗೆ ಹತ್ತಿದ್ದು ಬಳ್ಳಾರಿಯ ದಂಡಿನಲ್ಲಿ. ಹಡಗು ಹತ್ತಿ ತನ್ನ ಸೀಮೆಗೆ ಹಿಂದಿರುಗುತ್ತಿದ್ದ ಒಬ್ಬ ಬಿಳಿ ದೊರೆಯಿಂದ ಕೆಂಪು ಕುದುರೆಯೊಂದನ್ನು ಕೊಂಡು ತಂದೆ. ಅವನ ಕೈಯಲ್ಲಿದ್ದಾಗ ಜೂಜಿನಲ್ಲಿ ಗೆಲ್ಲುತ್ತಿದ್ದ ಕುದುರೆ, ನನ್ನ ಕೈಗೆ ಬಂದ ಮೇಲೆ ಮೂರು ಸಲ ಓಡಿ ಮೂರು ಸಲವೂ ಎಲ್ಲಕ್ಕಿಂತ ಹಿಂದೆ ಉಳಿಯಿತು. ಮೈಮೇಲಿನ ಸುಳಿ ಸರಿಯಿಲ್ಲ ಎಂದರು ಕೆಲವರು, ಲಾಳ ಬದಲಿಸಿ ಎಂದರು ಕೆಲವರು. ಫಕೀರನ ತಾಯಿತ ಕಟ್ಟಿಸಿದೆ, ಹುರುಳಿಗೆ ತುಪ್ಪ ಬೆರೆಸಿದೆ. ಕೊನೆಗೆ ಚಾವಟಿ ಹಿಡಿದೆ. ಯಾವುದಕ್ಕೂ ಜಗ್ಗಲಿಲ್ಲ. ಚಳ್ಳಕೆರೆ ಸಂತೆಯಲ್ಲಿ ಜನ, "ಗೌಡ್ರ ಕುದ್ರೆ ಮದುವೆ ಮೆರವಣಿಗೆಗಾದ್ರೆ ಸೈ ಬಿಡ್ರಿ" ಎಂದು ನಗುತ್ತಿದ್ದರು. ಆ ನಗುವಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹುಲ್ಲಿನವ್ವ ಹೊರೆ ಇಳಿಸಿ ಲಾಯದ ನೆಲವನ್ನೇ ನೋಡುತ್ತ ನಿಂತಳು. ಗೋಡೆಯ ಉದ್ದಕ್ಕೂ ಮಣ್ಣು ಕಾಲುವೆಯಂತೆ ಸವೆದಿತ್ತು.

"ಇದು ಮೈದಾನದಾಗೆ ಸೋಲ್ತಿಲ್ಲ ಸಾಮಿ. ಇರುಳೆಲ್ಲಾ ಇಲ್ಲೇ ಸುತ್ತಿ ಸುತ್ತಿ ಓಟ ಮುಗಿಸಿಬಿಡ್ತೈತೆ. ನಿನ್ನೆ ಹಾಕಿದ ಹುಲ್ಲು ಹಂಗೇ ಐತೆ ನೋಡ್ರಿ."

"ಏನು ರೋಗವ್ವ ಇದಕ್ಕೆ?"

"ರೋಗ ಅಲ್ಲ. ದೊರೆ ಲಾಯದಾಗೆ ಹತ್ತು ಕುದ್ರೆ ನಡುವೆ ಇದ್ದದ್ದು, ಇಲ್ಲಿ ಒಂಟಿಯಾಗೈತೆ. ಹಸ್ದೋರಿಗೆ ಹುಲ್ಲು ಸಾಕು ಸಾಮಿ, ನೊಂದೋರಿಗೆ ಜೊತೆ ಬೇಕು."

ಅವಳ ಹಿಂದೆ ಯಾವಾಗಲೂ ಕಿವಿ ಸೀಳಿದ ಒಂದು ಟಗರು ಬರುತ್ತಿತ್ತು. ತಾಯಿ ಸತ್ತ ಮರಿಯನ್ನು ಹಾಲಲ್ಲಿ ಬೆರಳದ್ದಿ ಚೀಪಿಸಿ ಸಾಕಿದ್ದಳಂತೆ. ಅದನ್ನು ಅವತ್ತು ಲಾಯದೊಳಗೆ ಕಟ್ಟಿದಳು. ಹೋಗುವಾಗ ತಿರುಗಿ ನಿಂತು, "ಕೊಟ್ಟಿದ್ದಲ್ಲ ಸಾಮಿ, ಬಿಟ್ಟು ಹೋಗ್ತಿದ್ದೀನಿ. ದಿನಾ ಬಂದು ನೋಡ್ಕಂಡು ಹೋಗ್ತೀನಿ" ಎಂದಳು.

ನಾನು ನಕ್ಕೆ. ಹದಿನೈದೇ ದಿನದಲ್ಲಿ ನನ್ನ ನಗು ನಿಂತಿತು. ಕುದುರೆ ಸುತ್ತುವುದನ್ನು ಬಿಟ್ಟು ಟಗರಿನ ಪಕ್ಕ ಮಲಗತೊಡಗಿತು. ಮುಂದಿನ ಜೂಜಿಗೆ ಚಾವಟಿಯನ್ನು ಮನೆಯಲ್ಲೇ ಬಿಡಬೇಕು, ಟಗರನ್ನೂ ಗಾಡಿಯಲ್ಲಿ ಬಳ್ಳಾರಿಗೆ ಒಯ್ಯಬೇಕು ಎಂದು ಹುಲ್ಲಿನವ್ವ ಹಟ ಹಿಡಿದಳು. ಒಯ್ದೆ. ಕುದುರೆ ಎರಡು ಮಾರು ಮುಂದಾಗಿ ಗೆದ್ದಿತು. ಜನ ನನ್ನನ್ನು ಹೆಗಲ ಮೇಲೆ ಹೊತ್ತರು, ನಾನು ಯಾರ ಹೆಸರನ್ನೂ ಎತ್ತಲಿಲ್ಲ.

ಗೆದ್ದರೆ ಟಗರು ಒಪ್ಪಿಸುತ್ತೇನೆಂದು ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತಿದ್ದೆ. ಹರಕೆಯ ಪ್ರಾಣಿಯನ್ನು ಕೊಂಡು ತರಬಾರದು, ಮನೆಯಂಗಳದಲ್ಲೇ ಮೇವು ತಿಂದದ್ದಾಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ನಮ್ಮಲ್ಲಿ ಕುರಿ ಸಾಕಿರಲಿಲ್ಲ. ಅಂಗಳದಲ್ಲಿದ್ದದ್ದು ಆ ಟಗರೊಂದೇ. ನಮ್ಮ ಹುರುಳಿ ತಿಂದು ಕೊಬ್ಬಿದ್ದು ನಮ್ಮದಲ್ಲದೆ ಇನ್ಯಾರದು ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ಗೌರಸಮುದ್ರದಲ್ಲಿ ಅದನ್ನು ಒಪ್ಪಿಸಿ, ನಂಟರನ್ನೆಲ್ಲ ಕೂರಿಸಿಕೊಂಡು ಬೆರಳು ಚೀಪುತ್ತ ಉಂಡೆ.

ಮರುದಿನ ಎರಡು ಕೊಬ್ಬಿದ ಕುರಿಗಳನ್ನು ಕೊಂಡು ಅವಳ ಗುಡಿಸಲಿಗೆ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ತಂದು ನನ್ನ ಬಾಗಿಲ ಕಂಬಕ್ಕೆ ಕಟ್ಟಿ ಹೋಗಿದ್ದಳು. ಹುಲ್ಲು ತರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹೊರೆ ಇಳಿಸಿ, ಟಗರು ಮಲಗುತ್ತಿದ್ದ ಜಾಗದಲ್ಲಿ ಕೂತು, ಕುದುರೆ ನಾಲ್ಕು ಬಾಯಿ ತಿನ್ನುವವರೆಗೆ ಕಾದು ಎದ್ದು ಹೋಗುತ್ತಿದ್ದಳು. 

ಕುದುರೆ ಮತ್ತೆ ಗೋಡೆಯ ಗುಂಟ ಸುತ್ತತೊಡಗಿತು. ಬೇರೆ ಕುರಿ ಕಟ್ಟಿದರೆ ಒದೆಯಿತು. ಮುಂದಿನ ಜೂಜಿನಲ್ಲಿ ಸೋತು ಬಂದ ಮೇಲೆ, ಒಣಗಿದ ಕೆರೆಯಂಗಳದಲ್ಲಿ ಅದನ್ನು ಓಡಿಸುತ್ತ ನಾನೇ ಚಾವಟಿ ಬೀಸುತ್ತಿದ್ದೆ. ಹುಲ್ಲಿನವ್ವ ಹೊರೆ ಹೊತ್ತು ಆ ದಾರಿಯಲ್ಲೇ ಬಂದವಳು ನಿಂತಳು.

"ಹೊಡೀರಿ ಸಾಮಿ, ಇನ್ನೂ ಜೋರಾಗಿ ಹೊಡೀರಿ. ಟಗರು ಎದ್ದು ಬಂದ್ರೂ ಬರಬಹುದು."

ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ನನ್ನ ಕೈ ಕೆಳಗಿಳಿಯಿತು. ಆಮೇಲೆ ಆ ಕುದುರೆಯನ್ನು ನಾನು ಜೂಜಿಗೆ ಬಿಡಲಿಲ್ಲ.

ಪ್ಲೇಗು ಬಂದ ವರ್ಷ ಅವಳು ಗುಡಿಸಲಿನಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಬಂದು, ನಾನೇ ಹುಲ್ಲು ಹಿಡಿದು ಲಾಯದಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಕೂತೆ. ಕುದುರೆ ನನ್ನ ಕೈ ಮೂಸಿ, ಗೋಡೆಗೆ ಮುಖ ಮಾಡಿ ನಿಂತಿತು.

ಟಗರನ್ನು ಹರಕೆಗೆ ಒಯ್ದ ದಿನ ಅವಳು ಹುಲ್ಲಿಗೆ ಹೋಗಿದ್ದಳು, ಕೇಳೋಣವೆಂದರೆ ಸಿಗಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಟಗರನ್ನು ಗಾಡಿಗೆ ಹತ್ತಿಸುವಾಗ ಕೆರೆ ಏರಿಯ ಮೇಲೆ ಅವಳ ಹೊರೆ ನಮ್ಮ ಮನೆಯ ಕಡೆಗೇ ಬರುತ್ತಿರುವುದು ಕಾಣಿಸಿತ್ತು. ಬೇಗ ಹೊಡಿಯೋ ಎಂದು ಗಾಡಿಯವನಿಗೆ ಹೇಳಿದವನು ನಾನೇ.