ಪಿನ್ನಮ್ಮನ ಎರಡು ಪೆಟ್ಟಿಗೆ

ವಿಶ್ವವಿದ್ಯಾಲಯದ ಕೀಟ ಸಂಗ್ರಹಾಲಯದಲ್ಲಿ ಆಕೆಯನ್ನು ಎಲ್ಲರೂ ಪಿನ್ನಮ್ಮ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ, ಕಾದಿಡುವ ಸತ್ತ ಜೀರುಂಡೆಗಳಿಗೆ ಪಿನ್ನು ಚುಚ್ಚಿದವಳಿಗೆ ಇನ್ನೇನು ಹೆಸರಿಟ್ಟಾರು! ಪಿನ್ನು ಬಲಗಡೆಯ ರೆಕ್ಕೆಚಿಪ್ಪಿಗೇ ಇಳಿಯಬೇಕು. ಎಡಕ್ಕೆ ಹೋದರೆ ಕೆಲಸ ಕೆಟ್ಟಂತೆ. "ಹುಳ ಚುಚ್ಚೋಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು," ಎಂದು ಮನೆಯಲ್ಲಿ ಅತ್ತೆ ಹಂಗಿಸುತ್ತಿದ್ದರು.

ಕಪ್ಪು ಸಗಣಿಹುಳುಗಳಲ್ಲಿ ಕೆಲವಕ್ಕೆ ಪಿನ್ನು ಸಲೀಸಾಗಿ ಇಳಿಯುತ್ತಿತ್ತು, ಕೆಲವು ಹಟ ಹಿಡಿಯುತ್ತಿದ್ದವು. ನೋಡಲು ಎಲ್ಲವೂ ಒಂದೇ. ಪಿನ್ನಮ್ಮ ಯಾರನ್ನೂ ಕೇಳದೆ ಅವನ್ನು ಎರಡು ಪೆಟ್ಟಿಗೆಗಳಲ್ಲಿ ಜೋಡಿಸಿದಳು. ಆರು ವರ್ಷದ ಮೇಲೆ ಅದು ಸಂಗ್ರಹಾಲಯದ ಮುಖ್ಯಸ್ಥರಾದ ಮೇಷ್ಟ್ರ ಕಣ್ಣಿಗೆ ಬಿತ್ತು.

"ಒಂದೇ ಜಾತಿಗೆ ಎರಡು ಪೆಟ್ಟಿಗೆ ಯಾಕಮ್ಮಾ?"

"ಒಂದೇ ಅಲ್ಲ ಸಾರ್. ಕೈಗೆ ಗೊತ್ತಾಗುತ್ತೆ."

"ಕೈಗಾ? ನಮ್ಮ ಗುರುಗಳೇ ಒಂದೇ ಅಂತ ಬರೆದಿದ್ದಾರೆ!"

ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಪಿನ್ನಮ್ಮನೂ ಬಾಯಿ ಮುಚ್ಚಿಕೊಂಡಿರುವ ಪೈಕಿಯವಳಲ್ಲ. "ಪರೀಕ್ಷೆ ಮಾಡಿ ನೋಡಿ," ಎಂದಳು.

"ಆಗ್ಲಿ. ತಪ್ಪಿದ್ರೆ ಹುಳ ಎಲ್ಲಾ ಒಂದೇ ಪೆಟ್ಟಿಗೆಗೆ, ನೀವು ಗಾಜಿನ ಸಾಮಾನು ತೊಳೆಯೋ ಕೋಣೆಗೆ."

ಪಿನ್ನಮ್ಮನಿಗೆ ಹೆದರಿಕೆಯೇನೋ ಆಯಿತು, ಆದರೆ ಆಡಿದ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಇನ್ನೂ ಪಿನ್ನು ಚುಚ್ಚದ ನಲವತ್ತು ಒಣ ಗಂಡುಹುಳುಗಳನ್ನು ತೇವದ ಡಬ್ಬಿಯಲ್ಲಿ ಮೆತ್ತಗೆ ಮಾಡಿ, ಕಲೆಸಿ, ನಂಬರು ಹಾಕಿ ಮುಂದಿಟ್ಟಳು. ಪಿನ್ನಮ್ಮ ಒಂದೊಂದನ್ನೇ ಚುಚ್ಚಿ, ಸಲೀಸಾಗಿ ಇಳಿದದ್ದನ್ನು ಎಡಕ್ಕೆ, ಹಟ ಹಿಡಿದದ್ದನ್ನು ಬಲಕ್ಕೆ ಇಡುತ್ತ ಹೋದಳು. ಹದಿನೇಳನೆಯದರಲ್ಲಿ ಕೈ ನಿಂತಿತು.

"ಇದು ಗೊತ್ತಾಗ್ತಿಲ್ಲ," ಎಂದು ಬೇರೆ ಇಟ್ಟಳು.

ಮೇಷ್ಟ್ರ ಮುಖದಲ್ಲಿ ಗೆದ್ದ ನಗು ಮೂಡಿತು. ಹುಡುಗಿ ಎರಡು ದಿನ ಸೂಕ್ಷ್ಮದರ್ಶಕದಡಿ ಹುಳುಗಳ ಹೊಟ್ಟೆ ಸೀಳಿ, ಜಾತಿಯಿಂದ ಜಾತಿಗೆ ಬೇರೆಯಾಗುವ ಗಂಡಿನ ಜನನಾಂಗ ನೋಡಿದಳು. ಮೂರನೆಯ ದಿನ ಓಡಿಬಂದಳು.

"ಸಾರ್, ನಿಜವಾಗ್ಲೂ ಎರಡು ಜಾತಿ! ಮೂವತ್ತೊಂಬತ್ತೂ ಸರಿ! ಆ ಹದಿನೇಳನೇದು ಆಗಷ್ಟೇ ಪೊರೆ ಬಿಟ್ಟಿದ್ದ ಹುಳ, ಚಿಪ್ಪೇ ಬಲಿತಿಲ್ಲ. ಅದನ್ನ ಯಾರ ಕೈಯೂ ಹೇಳಲ್ಲ!"

ಮೇಷ್ಟ್ರು ಎರಡೂ ಪೆಟ್ಟಿಗೆಗಳನ್ನು ತೆರೆದು ನೋಡಿದರು. ಆಮೇಲೆ ಸಣ್ಣ ಖಾಲಿ ಚೀಟಿಗಳ ಕಟ್ಟನ್ನು ಪಿನ್ನಮ್ಮನ ಕಡೆ ಸರಿಸಿದರು. ಜಾತಿ ಗುರುತಿಸಿದವರ ಹೆಸರು ಬರೆದ ಚೀಟಿ ಪ್ರತಿ ಹುಳದ ಕೆಳಗೂ ಇರುತ್ತದೆ. ಆಕೆ ರೂಢಿಯಂತೆ ಮೇಷ್ಟ್ರ ಹೆಸರಿನ ಮೊದಲ ಅಕ್ಷರ ಬರೆದಳು; ಮೇಷ್ಟ್ರು ತಡೆದರು.

"ನನ್ನ ಹೆಸರು ಯಾಕಮ್ಮಾ? ಗುರುತಿಸಿದ್ದು ನೀವು. ನಿಮ್ಮದೇ ಬರೀರಿ."

ರೂಢಿ ಬಿಡದೆ ಮತ್ತೆ ಮತ್ತೆ ಮೇಷ್ಟ್ರ ಅಕ್ಷರವೇ ಬಂದು ಮೂರು ಚೀಟಿ ಹಾಳಾದವು.

"ಇನ್ನೂ ಎರಡು ಪೆಟ್ಟಿಗೆ ತುಂಬಾ ಹುಳ ಇದೆಯಲ್ರೀ!" ಎಂದರು ಮೇಷ್ಟ್ರು.

"ಇರ್ಲಿ ಸಾರ್," ಪಿನ್ನಮ್ಮ ಕಣ್ಣೊರೆಸಿಕೊಂಡು ನಕ್ಕಳು. "ಎಲ್ಲದಕ್ಕೂ ನಾನೇ ಬರೀತೀನಿ."