ತಲೆಕೆಳಗಾದ ಕಂಬ

ನಮ್ಮ ಮುತ್ತಾತ, ಅಂದರೆ ಅಪ್ಪನ ತಾತ, ಹಳೇಬೀಡಿನ ಸುತ್ತಮುತ್ತ ಮನೆ ಕಟ್ಟುತ್ತಿದ್ದ ಬಡಗಿ. ಮಹಾರಾಜರ ಕಾಲ. ಮರ ಆರಿಸುವುದರಿಂದ ಹಿಡಿದು ಹೆಂಚು ಹೊದಿಸುವ ತನಕ ಎಲ್ಲ ಅವನದೇ ಕೈಕೆಲಸ. ಹೆಗಲ ಮೇಲೆ ಮರ ಕೆತ್ತುವ ಬಾಚಿ ಹೊತ್ತು ಹೊರಟರೆ ತಿಂಗಳುಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲವಂತೆ. ಹೆಂಡತಿ ಒಬ್ಬಳೇ ಮಕ್ಕಳನ್ನು ಹೆತ್ತಳು, ಒಬ್ಬಳೇ ಸಾಕಿದಳು.

ಅವನು ಸತ್ತು ಎಷ್ಟೋ ಕಾಲವಾಗಿದ್ದರೂ ನಮಗೆ ಅವನ ಕಾಟ ತಪ್ಪಿರಲಿಲ್ಲ. ನಾನು ಬಾಗಿಲು ದಡಾರನೆ ಹಾಕಿದರೆ ಅಪ್ಪ, “ನಿಮ್ಮ ಮುತ್ತಾತ ಮಾಡಿದ ಬಾಗ್ಲಾಗಿದ್ರೆ ಸದ್ದೇ ಬತ್ತಿರಲಿಲ್ಲ” ಅನ್ನುತ್ತಿದ್ದ. ಆ ಬಾಗಿಲು ಮಾಡಿದ್ದು ಅಪ್ಪನೇ. ಅದನ್ನು ನೆನಪಿಸಿದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಮುತ್ತಾತನ ಕಟ್ಟಳೆಗಳಲ್ಲಿ ದೊಡ್ಡದು ಒಂದು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು. ಬುಡ ಕೆಳಗೆ, ತುದಿ ಮೇಲೆ. ಕಂಬ ತಲೆಕೆಳಗಾದ ಮನೆಯಲ್ಲಿ ವಂಶ ಚಿಗುರುವುದಿಲ್ಲ. ಕಂಬದ ಬುಡ ಯಾವುದೆಂದು ಗುರುತಿಸುವುದಕ್ಕೆ ಕೊಂಬೆ ಒಡೆದ ಗಂಟು ನೋಡಬೇಕು, ಅದು ಮೇಲ್ಮುಖವಾಗಿ ಓರೆಯಾಗಿರುತ್ತದೆ. ಉಳಿ ಮುಟ್ಟಲು ಬಿಡದಿದ್ದರೂ ನನಗೂ ಅಕ್ಕನಿಗೂ ಇಷ್ಟು ಗೊತ್ತಿತ್ತು. ಇನ್ನೊಂದು ಮಾತು ಮಾತ್ರ ಗಂಡುಮಕ್ಕಳಿಗೆ ಹೇಳುವಂಥದ್ದು. ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಹಾಗಾಗಿ ಅದು ಅವನ ಹೊಟ್ಟೆಯಲ್ಲೇ ಉಳಿದಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನಿಗೆ ಮಾದಿಹಳ್ಳಿಯ ಅಕ್ಕಸಾಲಿಗರ ಮನೆಯಿಂದ ಸಂಬಂಧ ಬಂತು. ಆಗಲೇ ಅವಳನ್ನು ಏಳೆಂಟು ಜನ ನೋಡಿಹೋಗಿದ್ದರು. ಉಪ್ಪಿಟ್ಟು ಮಾಡಿ ಮಾಡಿ ನನಗೆ ರವೆ ಕಂಡರೆ ಆಗುತ್ತಿರಲಿಲ್ಲ. ಹುಡುಗನಿಗೆ ಬೇಲೂರಿನಲ್ಲಿ ಕಚೇರಿ ಕೆಲಸ. ಅವನು ಆ ಮನೆಗೆ ದತ್ತು ಬಂದವನು, ಅವನ ಅಪ್ಪನೂ ದತ್ತು ಬಂದವರೇ. ನಾದಿನಿಯರ ಕಾಟವಿಲ್ಲ ಎಂದು ಅಮ್ಮ ಹಿಗ್ಗಿದಳು.

“ಅದೇನು ಮನೆ, ಮಕ್ಕಳೇ ಹುಟ್ಟಲ್ವಾ?” ಅಂದೆ ನಾನು.

“ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತದಲ್ಲೋ ಮಾಮ ಅಂದ್ನಂತೆ. ಸುಮ್ಕಿರೇ” ಎಂದು ಅಮ್ಮ ಬೈದಳು.

ಮನೆ ನೋಡಲು ಹೋದ ದಿನ ಹುಡುಗನ ತಾಯಿ ಪಡಸಾಲೆಯ ನಾಲ್ಕು ಹಲಸಿನ ಕಂಬ ತೋರಿಸಿ, “ನಿಮ್ಮನೆ ಹಿರೀಕರೇ ಕಟ್ಟಿದ್ದಂತೆ ಕಣ್ರೀ ಇದು” ಎಂದು ಹೆಮ್ಮೆಯಿಂದ ಹೇಳಿದರು. ಅಪ್ಪ ತಲೆಯಾಡಿಸಿದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದೂ ಮಾತಾಡಲಿಲ್ಲ. ಮದುವೆ ಖರ್ಚಿನ ಚಿಂತೆ ಇರಬೇಕೆಂದು ನಾನು ಸುಮ್ಮನಾದೆ. ಮದುವೆಯಾಯಿತು. ಅಕ್ಕನನ್ನು ಮನೆ ತುಂಬಿಸಿಕೊಂಡ ದಿನ ಅಪ್ಪ ಹೊಟ್ಟೆ ಸರಿಯಿಲ್ಲವೆಂದು ಪಡಸಾಲೆಯ ಕಂಬ ಬಿಟ್ಟು ಊಟಕ್ಕೂ ಏಳಲಿಲ್ಲ.

ಮೂರು ವರ್ಷಕ್ಕೆ ಅಕ್ಕ ಬಾಣಂತನಕ್ಕೆ ಬಂದಳು. ಹೆಣ್ಣು ಮಗು, ಗುಂಡುಗುಂಡಾಗಿತ್ತು. ಐದನೇ ತಿಂಗಳಿಗೆ ಕರೆದೊಯ್ಯಲು ಅವಳ ಅತ್ತೆ ಬಂದರು. ನಾನು ಕಾಫಿ ಕೊಟ್ಟಾಗ ಮಗುವಿನ ಕಾಲು ಸವರುತ್ತಾ, “ನಾನೂ ನಾಕು ಹೆತ್ತೆ ಕಣವ್ವ. ಆ ಮನೇಲಿ ಒಂದೂ ವರ್ಷ ತುಂಬಲಿಲ್ಲ” ಅಂದರು. ಗೋಳಾಡಲಿಲ್ಲ, ಹವಾಮಾನದ ಸುದ್ದಿ ಹೇಳುವಷ್ಟು ತಣ್ಣಗೆ ಹೇಳಿದರು.

ಬಾಗಿಲ ಹತ್ತಿರ ನಿಂತಿದ್ದ ಅಪ್ಪನೂ ಕೇಳಿಸಿಕೊಂಡ. ಅಕ್ಕನನ್ನೂ ನನ್ನನ್ನೂ ಹಿತ್ತಲಿಗೆ ಕರೆದು, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೇಳಿದ.

ಮಾದಿಹಳ್ಳಿಯ ಆ ಮನೆಯನ್ನು ಮುತ್ತಾತ ತನ್ನ ಭಾವಮೈದುನನಿಗೆ ಕಟ್ಟಿದ್ದು. ಕಂಬ ನಿಲ್ಲಿಸುವ ದಿನ ಅವನ ಊರಿನಿಂದ ಆಳು ಬಂದು, ನಿನ್ನ ಮಗುವಿಗೆ ವಾಂತಿಭೇದಿ, ತಕ್ಷಣ ಬರಬೇಕು ಅಂದ. ಮುಹೂರ್ತ ಮೀರಬಾರದೆಂದು ಮುತ್ತಾತ ಗಡಿಬಿಡಿಯಲ್ಲಿ ನಾಲ್ಕೂ ಕಂಬ ನಿಲ್ಲಿಸಿ ಓಡಿದ. ಮನೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಸೂತಕ ಕಳೆದು ಮರಳಿದಾಗ ತೊಲೆ ಕೂತಿತ್ತು, ಸೂರು ಎದ್ದಿತ್ತು. ಆಗ ಕಂಡಿತು, ದೇವರಮನೆ ಪಕ್ಕದ ಕಂಬದ ಗಂಟು ನೆಲ ನೋಡುತ್ತಿತ್ತು. ಬಿಚ್ಚಿಸಿದರೆ ಹೆಸರು ಕೆಡುತ್ತದೆಂದು ಬಾಯಿ ಬಿಡಲಿಲ್ಲ. ಸಾಯುವಾಗ ಮಗನಿಗೆ ಹೇಳಿದ, ಆ ಮಗ, ಅಂದರೆ ನಮ್ಮ ತಾತ, ಅಪ್ಪನಿಗೆ ಹೇಳಿದ.

“ಮನೆ ನೋಡಕ್ಕೆ ಹೋದಾಗ್ಲೇ ನಂಗೆ ಗೊತ್ತಾಯ್ತು. ಹಳೇ ಕತೆ ಅಂತ ಸುಮ್ಕಾದೆ. ಈ ಸಂಬಂಧಾನೂ ತಪ್ಪೋದ್ರೆ ಅಂತ ಭಯ” ಅಂದ ಅಪ್ಪ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಮ್ಮವರು ಎರಡನ್ನೂ ಮಾಡಿ, ಎರಡರಲ್ಲೂ ಬಾಯಿ ಮುಚ್ಚಿಕೊಂಡಿದ್ದರು.

“ಮಗೂನ ಈಗ ಕಳಿಸಬ್ಯಾಡ. ನಾನೇ ಬತ್ತೀನಿ, ತೊಲೆಗೆ ಆಸರೆ ಕೊಟ್ಟು ಕಂಬ ತಿರುಗಿಸ್ತೀನಿ” ಎಂದು ಅಪ್ಪ ಅಕ್ಕನಿಗೆ ಹೇಳಿದ.

ಅಕ್ಕ ತಂತಿಯಿಂದ ಮಗುವಿನ ಬಟ್ಟೆ ತೆಗೆದು ಮಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

“ನಂಗೊತ್ತಪ್ಪ. ಮನೆ ತುಂಬಿಸ್ಕೊಂಡ ದಿನ ಆ ಕಂಬಕ್ಕೆ ಬೆನ್ನು ಕೊಟ್ಟು ಕೂತೋನು ನೀನು ಅಲುಗಲೇ ಇಲ್ಲ. ನೀನು ಹೋದ ಮೇಲೆ ನೋಡ್ದೆ, ಅಲ್ಲೇ ಗಂಟು ನೆಲ ನೋಡ್ತಿತ್ತು. ನಾನೇ ಬಣ್ಣ ಬಳಿದು ಮುಚ್ಚಿದ್ದೀನಿ.”

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

“ಈಗ ತಿರುಗಿಸಿದ್ರೆ ಯಾಕೆ ಅಂತ ಕೇಳ್ತಾರೆ. ನಮ್ಮತ್ತೆ ಕಳಕೊಂಡ ನಾಕು ಮಕ್ಕಳಿಗೂ ನಮ್ಮನೇನೇ ಕಾರಣ ಅಂತಾರೆ. ಆಮೇಲೆ ನಾನು ಅಲ್ಲಿ ಬಾಳೋದು ಹೆಂಗೆ?”

“ಮಗೂಗೇನಾದ್ರೂ ಆದ್ರೆ?” ಎಂದು ನಾನು ಕೇಳಿಯೇಬಿಟ್ಟೆ.

ಅವಳು ನನ್ನ ಕಡೆ ತಿರುಗದೆ ಅಪ್ಪನನ್ನೇ ನೋಡುತ್ತಾ, “ಗೊತ್ತಿದ್ದೂ ನೀನು ನನ್ನ ಕಳಿಸ್ದೆ. ಗೊತ್ತಿದ್ದೂ ನಾನು ನನ್ನ ಮಗಳನ್ನ ಕರ್ಕೊಂಡೋಗ್ತಿದೀನಿ. ನಾವಿಬ್ರೂ ಒಂದೇ ಕಣಪ್ಪ” ಅಂದಳು.

ಒಳಗಿನಿಂದ ಅತ್ತೆ, ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. ಅಕ್ಕ ಬಟ್ಟೆ ಗಂಟು ಕಟ್ಟಿ ಒಳಗೆ ಹೋದಳು. ಮಗುವನ್ನು ಅತ್ತೆಯೇ ಎತ್ತಿಕೊಂಡರು.